ಡೇರಿಯ ಷೇರು, ಪೇಟೆಯ ಷೇರು



ಹಾಲಿನ ಸಂಘಕ್ಕೆ ಷೇರು ಹಣ ಕಟ್ಟಿ ಸದಸ್ಯರಾದ ದಿನವೇ ನೀವು ಷೇರುದಾರರಾಗಿದ್ದೀರಿ. ಷೇರು ಎಂದರೆ ಒಡೆತನದಲ್ಲಿ ಒಂದು ಪಾಲು. ಕಂಪನಿಯ ಷೇರೂ ಹಾಗೆಯೇ. ಆದರೆ ಸಂಘದಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಷೇರು ಹೆಚ್ಚಿದ್ದವರಿಗೆ ಮತವೂ ಹೆಚ್ಚು. ಸಂಘದ ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ. ದೊಡ್ಡ ಕಂಪನಿಗಳ ಷೇರುಗಳನ್ನು ಮಾರಲು, ಕೊಳ್ಳಲು ಒಂದು ಸಂತೆಯೇ ಇದೆ. ಅದೇ ಷೇರು ವಿನಿಮಯ ಕೇಂದ್ರ.

1850ರ ದಶಕದಲ್ಲಿ ಮುಂಬೈಯ ದಲ್ಲಾಳಿಗಳು ಆಲದ ಮರದಡಿ ಸೇರಿ ಈ ವ್ಯಾಪಾರ ನಡೆಸುತ್ತಿದ್ದರು. 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇಂದಿನ ಬಿಎಸ್‌ಇ. ಇನ್ನೊಂದು ದೊಡ್ಡ ಕೇಂದ್ರವಾದ ಎನ್‌ಎಸ್‌ಇ 1994ರಲ್ಲಿ ಕಂಪ್ಯೂಟರ್ ಮೂಲಕ ವ್ಯವಹಾರ ಶುರುಮಾಡಿತು. ಹಾಲಿನ ಕಂಪನಿಗಳೂ ಅಲ್ಲಿವೆ. ಹೈದರಾಬಾದಿನ ದೊಡ್ಲ ಡೇರಿ 2021ರಲ್ಲಿ ಷೇರು ಪೇಟೆಗೆ ಬಂತು.

ಇದರಿಂದ ದೇಶಕ್ಕೇನು ಲಾಭ? ಕಾರ್ಖಾನೆ ಕಟ್ಟಲು ಬಂಡವಾಳ ಬೇಕು. ಸಾಲ ತಂದರೆ ಬಡ್ಡಿ ಕಟ್ಟಬೇಕು. ಕಂಪನಿ ಹೊಸ ಷೇರು ಮಾರಿದರೆ ಬಡ್ಡಿಯಿಲ್ಲ, ಕೊಂಡವರು ಲಾಭ ನಷ್ಟ ಎರಡಕ್ಕೂ ಪಾಲುದಾರರು. ಈ ಮೊದಲ ಮಾರಾಟದ ಹಣ ಕಂಪನಿಗೆ ಸೇರುತ್ತದೆ. ಆಮೇಲೆ ಷೇರು ಕೈ ಬದಲಾದಾಗ ಹಣ ಮಾರಿದವರಿಗೆ. ಜಾತ್ರೆಯಲ್ಲಿ ಕೊಂಡ ಹಸುವನ್ನು ನೀವು ಮತ್ತೊಬ್ಬರಿಗೆ ಮಾರಿದರೆ ಹಣ ನಿಮಗೇ ತಾನೆ? ಹಾಗೆ. ಬೇಕೆಂದಾಗ ಮಾರಬಹುದೆಂಬ ಧೈರ್ಯ ಇರುವುದರಿಂದಲೇ ಜನ ಹೊಸ ಷೇರು ಕೊಳ್ಳಲು ಮುಂದೆ ಬರುತ್ತಾರೆ.

ನಮ್ಮ ಹಾಲಿಗೆ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ. ಷೇರಿಗೆ, ಕೊಳ್ಳುವವರೂ ಮಾರುವವರೂ ಒಪ್ಪಿದ್ದೇ ದರ. ಕಂಪನಿ ಮುಂದೆ ಗಳಿಸೀತು ಎಂಬ ನಂಬಿಕೆ ಬೆಳೆದರೆ ಏರುತ್ತದೆ, ಕುಂದಿದರೆ ಇಳಿಯುತ್ತದೆ. ಆದ್ದರಿಂದ ಇಷ್ಟೇ ಲಾಭ ಎಂದು ಯಾರೂ ಖಾತರಿ ಕೊಡಲಾರರು.

ಇದು ಗೊತ್ತಿದ್ದರೆ ಮೋಸ ಗುರುತಿಸುವುದು ಸುಲಭ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ "ತಿಂಗಳಲ್ಲಿ ಹಣ ದುಪ್ಪಟ್ಟು" ಎನ್ನುವವರನ್ನು ನಂಬಬೇಡಿ. ಷೇರು ಕೊಳ್ಳಲು ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರ್ ಮತ್ತು ನಿಮ್ಮದೇ ಹೆಸರಿನ ಡಿಮ್ಯಾಟ್ ಖಾತೆ ಬೇಕು. ಯಾವುದೋ ವ್ಯಕ್ತಿಯ ಖಾತೆಗೆ ಹಣ ಹಾಕಬೇಡಿ. ಹಾಕಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಸರಿಯಾದ ದಾರಿಯಲ್ಲಿ ಕೊಂಡ ಷೇರಿನಲ್ಲೂ ನಷ್ಟ ಆಗಬಹುದು. ಹಿಂಡಿಗೆ, ಮಕ್ಕಳ ಫೀಸಿಗೆ, ಹಸುವಿನ ಸಾಲದ ಕಂತಿಗೆ ಎತ್ತಿಟ್ಟ ಬಟವಾಡೆ ಹಣವನ್ನು ಮಾತ್ರ ಆ ಪೇಟೆಗೆ ಒಯ್ಯಬೇಡಿ.