ಬೂಷ್ಟು ಹಿಡಿದ ಕಾಳು ದನಕ್ಕೂ ಬೇಡ



ಮೆಕ್ಕೆಜೋಳದ ಕಟಾವಿಗೆ ಸರಿಯಾಗಿ ಮಳೆ ಹಿಡಿದ ವರ್ಷ ನಮಗೆ ಬರುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಕಾಳು ಕಪ್ಪಾಗಿದೆ, ಮಾರ್ಕೆಟ್‌ನಲ್ಲಿ ಯಾರೂ ಮುಟ್ಟುತ್ತಿಲ್ಲ. ನುಚ್ಚು ಮಾಡಿ ಹಸುವಿಗೆ ಹಾಕಬಹುದಾ?" ಬೆಳೆದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಉತ್ತರ ಒಂದೇ: ಬೇಡ. ಯಾಕೆಂದು ಹೇಳುತ್ತೇನೆ.

ತೇವ ಉಳಿದ ಮೆಕ್ಕೆಜೋಳ, ಶೇಂಗಾ ಹಿಂಡಿ, ಹತ್ತಿಬೀಜದ ಹಿಂಡಿಗಳ ಮೇಲೆ ಹಳದಿ ಮಿಶ್ರಿತ ಹಸಿರು ಬಣ್ಣದ ಒಂದು ಬೂಷ್ಟು ಬೆಳೆಯುತ್ತದೆ. ಅದು ಉಂಟುಮಾಡುವ ವಿಷವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಬೂಷ್ಟು ಕಣ್ಣಿಗೆ ಕಾಣುತ್ತದೆ, ವಿಷ ಕಾಣುವುದಿಲ್ಲ. ಬಿಸಿಲಿಗೆ ಹಾಕಿ ಕೊಡವಿದರೆ ಬೂಷ್ಟು ಉದುರೀತು, ವಿಷ ಕಾಳಿನೊಳಗೇ ಉಳಿಯುತ್ತದೆ. ಬೇಯಿಸಿದರೂ ಹೋಗುವುದಿಲ್ಲ.

ಹಾಲಿಗೆ ಬರುವುದು ಹೇಗೆ?

ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಎಂ1 ಎಂಬ ರೂಪಕ್ಕೆ ಬದಲಾಗಿ, ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು, ಹೆಚ್ಚು ಹಾಲು ಕೊಡುವ ರಾಸುಗಳಲ್ಲಿ ಶೇ. 6ರವರೆಗೂ ಹೀಗೆ ಬರುತ್ತದೆ. ಹಾಲು ಕಾಯಿಸಿದರೂ, ಪಾಶ್ಚರೀಕರಿಸಿದರೂ ನಾಶವಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕಿಲೋಗೆ 100 ಮೈಕ್ರೋಗ್ರಾಂ ವಿಷವಿರುವ ಜೋಳವನ್ನು ದಿನಕ್ಕೆ 3 ಕಿಲೋ ಕೊಟ್ಟರೆ ಹಸುವಿನ ಹೊಟ್ಟೆಗೆ 300 ಮೈಕ್ರೋಗ್ರಾಂ ಸೇರಿತು. ಅದರ ಶೇ. 2 ಅಂದರೆ 6 ಮೈಕ್ರೋಗ್ರಾಂ. ಹಸು 10 ಲೀಟರ್ ಕೊಟ್ಟರೆ ಲೀಟರಿಗೆ 0.6. ಕಾನೂನಿನ ಮಿತಿ ಕಿಲೋಗೆ 0.5 ಮಾತ್ರ.

2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಕಲಬೆರಕೆಯಿಂದ ಅಸುರಕ್ಷಿತವೆಂದು ಕಂಡದ್ದು ಕೇವಲ 12. ಎಂ1 ಮಿತಿ ಮೀರಿದ್ದು 368. ಅಂದರೆ ಒಂದು ತೊಟ್ಟು ನೀರು ಬೆರೆಸದ ಪ್ರಾಮಾಣಿಕರ ಹಾಲಿನಲ್ಲೂ ಇದು ಇರಬಹುದು. ಡೇರಿಯಲ್ಲಿ ನೋಡುವ ಫ್ಯಾಟ್, ಎಸ್‌ಎನ್‌ಎಫ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ. ಒಬ್ಬರ ಕ್ಯಾನು ಕೂಲರ್‌ಗೆ ಬಿದ್ದರೆ ಊರಿನವರೆಲ್ಲರ ಹಾಲಿಗೂ ಬೆರೆಯಿತು. ದೀರ್ಘಕಾಲ ದೇಹ ಸೇರಿದರೆ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಿಷವಿದು. ಹೆಚ್ಚು ಹಾಲು ಕುಡಿಯುವವರು ಮಕ್ಕಳು ಎಂಬುದನ್ನು ಮರೆಯಬೇಡಿ.

ನಿಮ್ಮ ಕೊಟ್ಟಿಗೆಗೂ ನಷ್ಟವೇ

ವಿಷ ಸ್ವಲ್ಪ ಸ್ವಲ್ಪವಾಗಿ ಸೇರುತ್ತಿದ್ದರೆ ರಾಸು ಒಮ್ಮೆಲೇ ಮಲಗುವುದಿಲ್ಲ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಕರುಗಳು ಬೇಗ ಸೊರಗುತ್ತವೆ. ಬೇರೆ ರೋಗಗಳಲ್ಲೂ ಈ ಲಕ್ಷಣಗಳಿರುವುದರಿಂದ, ಪಶುವೈದ್ಯರು ಬಂದಾಗ ಹಾಕುತ್ತಿರುವ ಹಿಂಡಿ, ನುಚ್ಚು ಎರಡನ್ನೂ ತೋರಿಸಿ. ಹಂದಿ, ಕೋಳಿ ಸಾಕುವವರಿಗೆ ಕೊಟ್ಟು ಕೈತೊಳೆದುಕೊಳ್ಳುವಂತೆಯೂ ಇಲ್ಲ; ಅವುಗಳಿಗೂ ಈ ವಿಷ ತಟ್ಟುತ್ತದೆ.

ಹೀಗೆ ಮಾಡಿ

• ತೆನೆಯನ್ನು ಬರಿ ನೆಲದ ಮೇಲೆ ಹರಡದೆ ಟಾರ್ಪಾಲಿನ ಮೇಲೆ ಒಣಗಿಸಿ. ಒಡೆದ ಕಾಳು, ಹುಳು ತಿಂದ ಕಾಳುಗಳನ್ನು ಬೇರ್ಪಡಿಸಿ. ಬೂಷ್ಟು ಮೊದಲು ಹತ್ತುವುದು ಅವುಗಳಿಗೇ.
• ತೇವ ಶೇ. 12ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬಿ. ಮನೆಯಲ್ಲೇ ಹೀಗೆ ಒಂದು ಪರೀಕ್ಷೆ ಮಾಡಬಹುದು: ಒಣ ಗಾಜಿನ ಶೀಷೆಗೆ ಮೂರರಲ್ಲೊಂದು ಭಾಗ ಕಾಳು, ಎರಡು ಚಮಚ ಚೆನ್ನಾಗಿ ಒಣಗಿದ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಿಸಬೇಕು. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಯಿಸಿ.
• ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಜೋಡಿಸಿ. ಮೊದಲು ತಂದದ್ದನ್ನು ಮೊದಲು ಬಳಸಿ.
• ಹಿಂಡಿ ಕೊಳ್ಳುವಾಗ ಮುರಿದು ನೋಡಿ. ಮುಗ್ಗಲು ವಾಸನೆ, ಒಳಗೆ ಹಸಿರು ಪುಡಿ, ಗಂಟು ಕಂಡರೆ ಅಗ್ಗವೆಂದು ತರಬೇಡಿ.
• ಗೋದಲಿಯಲ್ಲಿ ಉಳಿದ ಹಸಿ ತಿಂಡಿಯನ್ನು ದಿನವೂ ತೆಗೆದು ತೊಳೆಯಿರಿ.
• ಸೈಲೇಜಿನ ಬೂಷ್ಟು ಹಿಡಿದ ಪದರವನ್ನು ಒಳ್ಳೆಯದರೊಂದಿಗೆ ಬೆರೆಸಬೇಡಿ.

ಕೆಟ್ಟ ಕಾಳನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿ. ವಿಷವನ್ನು ಹಿಡಿದಿಡುವ ಬೆಂಟೊನೈಟ್‌ನಂಥ ಜೇಡಿಮಣ್ಣಿನ ಪುಡಿಗಳಿವೆ. ಅವುಗಳನ್ನು ವೈದ್ಯರ ಸಲಹೆಯಂತೆ ಬಳಸಿ, ಕೆಟ್ಟ ಕಾಳು ಹಾಕಲು ಅದು ಪರವಾನಗಿಯಲ್ಲ.

ಈಗಾಗಲೇ ಹಾಕಿದ್ದರೆ ಗಾಬರಿ ಬೇಡ. ಇಂದೇ ನಿಲ್ಲಿಸಿ, ಒಳ್ಳೆಯ ಆಹಾರ ಕೊಡಿ. ಮೂರ್ನಾಲ್ಕು ದಿನಗಳಲ್ಲಿ ಹಾಲಿನಲ್ಲಿನ ವಿಷ ಬಹುಪಾಲು ಇಳಿಯುತ್ತದೆ. ಅಲ್ಲಿಯವರೆಗೆ ಆ ಹಾಲನ್ನು ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ. ಸಂಘದ ಕಾರ್ಯದರ್ಶಿಗೆ, ಪಶುವೈದ್ಯರಿಗೆ ತಿಳಿಸಿ. ಮುಚ್ಚಿಟ್ಟರೆ ಊರಿನ ಹಾಲೆಲ್ಲ ಸಂಶಯಕ್ಕೆ ಬೀಳುತ್ತದೆ, ಹೇಳಿದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ.