ಮಸಿ ಸುಡಲು ಬೇಕಾದಷ್ಟು ದಾರಿ

ಶ್ರಾವಣದ ಒಂದು ಶನಿವಾರ ಸಂಜೆ ಹೊನ್ನಾವರದ ಅಕ್ಕನ ಮನೆಗೆ ಹೋದಾಗ ಭಾವ ಜಗಲಿಯಲ್ಲಿ ಕೂತು ಕಾರಿನ ಜೊತೆ ಕೊಟ್ಟ ಪುಸ್ತಕ ತಿರುವಿ ಹಾಕುತ್ತಿದ್ದರು. ಅಂದು ಬೆಳಿಗ್ಗೆ ಪೇಟೆಗೆ ಹೊರಟಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತ್ತಂತೆ. ನಾನು ಚಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವರೇ ಕೇಳಿದರು: "ಭಾವ, ಗಾಡಿ ಬದಲ್ ಮಾಡ್ಕಂಬನ?" ನಮ್ಮ ಕಡೆ ಅಕ್ಕನ ಗಂಡ ನನಗೆ ಭಾವ, ಅವರಿಗೆ ನಾನೂ ಭಾವ.

ಅವರದು 2021ರ ಡೀಸೆಲ್ ಕಾರು. ನೌಕರಿಯಿಂದ ನಿವೃತ್ತರಾದ ಮೇಲೆ ಅದರ ಓಡಾಟ ಹೆಚ್ಚಾಗಿ ಮನೆಯಿಂದ ಪೇಟೆಗೆ, ಪೇಟೆಯಿಂದ ದೇವಸ್ಥಾನಕ್ಕೆ. ಒಂದು ಸಲ ಹೊರಟರೆ ಮೂರು ಕಿಲೋಮೀಟರ್, ತಿಂಗಳಿಗೆ ಇನ್ನೂರು ದಾಟಿದರೆ ಹೆಚ್ಚು. ನನ್ನದು ಸಣ್ಣ ಪೆಟ್ರೋಲ್ ಕಾರು. ಮನೆ ಕುಮಟಾದಲ್ಲಿ, ಕೆಲಸ ಭಟ್ಕಳದಲ್ಲಿ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಹೋಗಲು ಸುಮಾರು ಅರವತ್ತು ಕಿಲೋಮೀಟರ್, ಬರಲು ಮತ್ತೆ ಅಷ್ಟೇ. ಯಾವ ಕಾರು ಹೊಸದು, ಯಾವುದರ ಬೆಲೆ ಜಾಸ್ತಿ ಎನ್ನುವ ಲೆಕ್ಕ ಅಕ್ಕ ಹಾಕುತ್ತಿದ್ದಳು. ನನಗೆ ಮಾತ್ರ ಆ ಹಳದಿ ದೀಪದಲ್ಲೇ ಉತ್ತರ ಇದೆ ಅನ್ನಿಸಿತು. ಯಾವ ಎಂಜಿನ್ ಯಾರ ಹತ್ತಿರ ಇರಬೇಕು ಎನ್ನುವುದನ್ನು ತೀರ್ಮಾನಿಸುವುದು ಅದು ದಿನವೂ ಎಷ್ಟು ಹೊತ್ತು ಬಿಸಿಯಾಗಿ ಇರುತ್ತದೆ ಎಂಬುದು.

ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಗಾಳಿಯೊಡನೆ ಮೊದಲೇ ಬೆರೆತಿರುತ್ತದೆ, ಕಿಡಿ ತಗುಲಿದಾಗ ಒಟ್ಟಿಗೆ ಉರಿಯುತ್ತದೆ. ಡೀಸೆಲ್‌ಗೆ ಕಿಡಿ ಬೇಡ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದರೆ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಸಿಂಪಡಿಸಿದ್ದು ಹನಿಹನಿಯಾಗಿ. ಹನಿಯ ಅಂಚಿಗೆ ಆಮ್ಲಜನಕ ಸಿಗುತ್ತದೆ, ನಡುವಿಗೆ ಸಾಕಷ್ಟು ಸಿಗುವುದಿಲ್ಲ. ಹಾಗೆ ಅರೆಬೆಂದು ಉಳಿದ ಇಂಗಾಲವೇ ಮಸಿ. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುರುಕಿದರೆ ಹಂಡೆಯ ತಳಕ್ಕೆ ಕಟ್ಟುವುದೂ ಇದೇ.

ಹಿಂದೆ ಈ ಮಸಿ ನೇರ ನಮ್ಮ ಶ್ವಾಸಕೋಶಕ್ಕೆ ಬರುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಕಣಗಳ ತೂಕ ಬಿಎಸ್-4ರಲ್ಲಿ 25 ಮಿಲಿಗ್ರಾಂ ಇತ್ತು, ಈಗ ಅದು 4.5 ಮಿಲಿಗ್ರಾಂ. ಅಷ್ಟು ಇಳಿಸಲು ಹೊಗೆಕೊಳವೆಯಲ್ಲಿ ಒಂದು ಶೋಧಕ ಕೂರಿಸುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕೆ ಡಿಪಿಎಫ್ ಎನ್ನುತ್ತಾರೆ. ಸುಟ್ಟ ಪಿಂಗಾಣಿಯಂಥ ವಸ್ತುವಿನಲ್ಲಿ ಮಾಡಿದ ಜೇನುಗೂಡು ಎಂದುಕೊಳ್ಳಿ. ಸಾವಿರಾರು ಸಣ್ಣ ನಾಳಗಳು ಅಕ್ಕಪಕ್ಕ ಇರುತ್ತವೆ. ಒಂದರ ಹಿಂಬಾಯಿ ಮುಚ್ಚಿದ್ದರೆ ಅದರ ನೆರೆಯದಕ್ಕೆ ಮುಂಬಾಯಿ ಮುಚ್ಚಿರುತ್ತದೆ. ಒಳಗೆ ಬಂದ ಹೊಗೆ ಹೊರಗೆ ಹೋಗಬೇಕಾದರೆ ನಡುವಿನ ರಂಧ್ರಮಯ ಗೋಡೆಯನ್ನು ತೂರಲೇಬೇಕು. ಅನಿಲ ದಾಟುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ.

ಉಳಿದ ಮಸಿಯನ್ನು ಎಲ್ಲಿಗೆ ಹಾಕುವುದು? ಅಲ್ಲೇ ಸುಡಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹೊಗೆ 250ರಿಂದ 400 ಡಿಗ್ರಿವರೆಗೆ ಕಾದಿರುತ್ತದೆ. ಆಗ ಹೊಗೆಯಲ್ಲೇ ಇರುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ, ಚಾಲಕನಿಗೆ ತಿಳಿಯದಂತೆ ತಿಂದು ಹಾಕುತ್ತದೆ. ಅದು ಸಾಲದೆ ಮಸಿ ತುಂಬಿತು ಎಂದರೆ ಕಾರಿನ ಕಂಪ್ಯೂಟರ್ ತಾನೇ ಕೈಹಾಕುತ್ತದೆ. ಉರಿ ಮುಗಿದ ಮೇಲೂ ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಬಿಡುತ್ತದೆ. ಆ ಡೀಸೆಲ್ ಮುಂದೆ ಹೋಗಿ ಉರಿದು ಶೋಧಕವನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ, ಮಸಿ ಸುಟ್ಟು ಹೋಗುತ್ತದೆ. ಇದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಬಿಡದೆ ಓಡಬೇಕು.

ಭಾವನ ಸವಾರಿ ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ತರಕಾರಿ ಅಂಗಡಿ ಬಂತು, ಕೀಲಿ ತಿರುಗಿತು. ಸುಡುವ ಕೆಲಸ ಶುರುವಾದರೂ ಅರ್ಧಕ್ಕೆ ನಿಲ್ಲುತ್ತದೆ, ಶೋಧಕದಲ್ಲಿ ಮಸಿ ತುಂಬುತ್ತಲೇ ಹೋಗುತ್ತದೆ. ಆ ಹಳದಿ ದೀಪ ಹೇಳುತ್ತಿದ್ದದ್ದು ಇದನ್ನೇ. ಹಾಗೆ ನಿಂತಾಗಲೆಲ್ಲ ಹೆಚ್ಚುವರಿ ಡೀಸೆಲಿನ ಒಂದು ಪಾಲು ಸಿಲಿಂಡರಿನ ಗೋಡೆಗುಂಟ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಒಳಗಿನ ಲೋಹಗಳು ಒಂದನ್ನೊಂದು ತಿಕ್ಕುತ್ತವೆ. ಆ ಸಂಜೆ ಟಾರ್ಚ್ ಹಿಡಿದು ಅಳತೆಕಡ್ಡಿ ಎಳೆದು ನೋಡಿದೆ. ಮಟ್ಟ ಮೇಲಿನ ಗೆರೆಗಿಂತ ಸ್ವಲ್ಪ ಮೇಲೇ ಇತ್ತು. ಬಳಸಿದ ಆಯಿಲ್ ಕಮ್ಮಿಯಾಗುವ ಬದಲು ಹೆಚ್ಚಾಗಿದ್ದರೆ ಸಂತೋಷ ಪಡಬಾರದು, ತಡಮಾಡದೆ ಅದನ್ನು ಬದಲಿಸಬೇಕು. ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಿಸಬೇಕು. ಮಸಿ ಸುಡುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಶೋಧಕದಲ್ಲಿ ಶಾಶ್ವತವಾಗಿ ಕೂರುತ್ತದೆ.

"ಹಂಗಾರೆ ಪೆಟ್ರೋಲ್ ಗಾಡಿಗೆ ಸಣ್ಣ ದಾರಿ ಒಳ್ಳೇದಾ?" ಎಂದರು ಭಾವ. ಒಳ್ಳೆಯದೇನಲ್ಲ. ತಣ್ಣಗಿನ ಎಂಜಿನ್‌ನಲ್ಲಿ ನೀರಾವಿ ಹನಿಗಟ್ಟುತ್ತದೆ, ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಆದರೆ ನನ್ನ ಕಾರಿನಲ್ಲಿ ಮುಚ್ಚಿಕೊಳ್ಳುವ ಜೇನುಗೂಡು ಇಲ್ಲ, ಎಂಜಿನ್ ಬೇಗ ಕಾಯುತ್ತದೆ. ವಾರಕ್ಕೊಮ್ಮೆ ಶರಾವತಿ ಸೇತುವೆ ದಾಟಿ ಕಾಸರಕೋಡು, ಮಂಕಿವರೆಗೆ ಓಡಿಸಿ ಬಂದರೆ ಸಾಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. ಲೀಟರಿಗೆ ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಬೆರಕೆ ಇಂಧನದಲ್ಲಿ ಶೇಕಡಾ 6-7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡುವ ನನಗೆ ಅದು ಹತ್ತು ಲೀಟರಿಗೂ ಹೆಚ್ಚು. ಇನ್ನೂರು ಕಿಲೋಮೀಟರ್ ಓಡುವ ಭಾವನಿಗೆ ಒಂದು ಲೀಟರೂ ಅಲ್ಲ.

ಇಷ್ಟಾದರೂ ಕೂಡಲೇ ಹೂಂ ಅನ್ನಲು ಮನಸ್ಸು ಬರಲಿಲ್ಲ. ನಮ್ಮ ಕರಾವಳಿಯಲ್ಲಿ ಕಾರು ಕೊಳ್ಳುವಾಗಲೋ ಬದಲಿಸುವಾಗಲೋ ಎಂಜಿನ್ ನೋಡಿದಷ್ಟೇ ಶ್ರದ್ಧೆಯಿಂದ ತಳ ನೋಡಬೇಕು. ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಅಂಗಳದಲ್ಲಿ ಗೋಣಿ ಹಾಸಿಕೊಂಡು ಭಾವನ ಕಾರಿನ ಕೆಳಗೆ ಮಲಗಿದೆ. ಆ ಕಾರು ನಿಲ್ಲುವುದು ತೆಂಗಿನ ಮರದ ಬುಡದಲ್ಲಿ, ಬಯಲಿನಲ್ಲಿ, ಅಳಿವೆಯ ಗಾಳಿಗೆ ಮುಖ ಮಾಡಿ.

ಅಲೆ ಒಡೆದಾಗ ಹಾರುವ ಸಣ್ಣ ಸಣ್ಣ ಹನಿಗಳು ಒಣಗಿ ಉಪ್ಪಿನ ಕಣಗಳಾಗಿ ಗಾಳಿಯಲ್ಲಿ ತೇಲಿ ಬಂದು ಲೋಹದ ಮೇಲೆ ಕೂರುತ್ತವೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ಗಾಳಿಯಲ್ಲಿನ ನೀರನ್ನು ಹೀರಿ ತಾನೇ ಕರಗುತ್ತದೆ. ಅಕ್ಕನ ಅಡುಗೆಮನೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವುದು ಇದೇ ಕಾರಣಕ್ಕೆ. ಅಂದರೆ ಮಳೆ ನಿಂತ ಮೇಲೂ, ಇಬ್ಬನಿಯ ರಾತ್ರಿಗಳಲ್ಲೂ, ಕಣ್ಣಿಗೆ ಒಣಗಿದಂತೆ ಕಾಣುವ ಕಾರಿನ ಮೇಲೆ ತೆಳ್ಳಗಿನ ಉಪ್ಪುನೀರಿನ ಪೊರೆ ಇದ್ದೇ ಇರುತ್ತದೆ. ಕಬ್ಬಿಣ ಒಂದು ಕಡೆ ಎಲೆಕ್ಟ್ರಾನ್ ಬಿಡುತ್ತದೆ, ಇನ್ನೊಂದು ಕಡೆ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ನಡುವೆ ವಿದ್ಯುತ್ ಹರಿಯಲು ಉಪ್ಪುನೀರು ದಾರಿ ಮಾಡಿಕೊಡುತ್ತದೆ. ತುಕ್ಕು ಎಂದರೆ ಇಷ್ಟೆ, ಬಯಸದ ಒಂದು ಸಣ್ಣ ಬ್ಯಾಟರಿ.

ಸೈಲೆನ್ಸರ್ ಮೇಲೆ ಕೆಂಪು ಪುಡಿಯಿತ್ತು, ಉಜ್ಜಿದರೆ ಗಟ್ಟಿ ಲೋಹ ಸಿಕ್ಕಿತು. ಅದು ಪರವಾಗಿಲ್ಲ. ನನಗೆ ಭಯವಿದ್ದದ್ದು ಬ್ರೇಕಿನ ದ್ರವ ಹರಿಯುವ ಸಪೂರ ಕೊಳವೆಗಳದು. ಆಮೇಲೆ ನನ್ನ ಕಾರಿನ ಕೆಳಗೂ ಅಷ್ಟೇ ಹೊತ್ತು ಮಲಗಿದೆ. ಅದಕ್ಕೆ ಕಾರಣ ಭಾವ ಎರಡು ತಿಂಗಳಿಗೊಮ್ಮೆ ಶಿರಸಿಗೆ ಹೋಗುವುದು. ದೇವಿಮನೆ ಘಟ್ಟದ ದಾರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನ ಸೇರಿ 1,300 ಕಿಲೋ ತೂಗುವ ಕಾರು ಅಷ್ಟು ಇಳಿಯುವಾಗ ಸುಮಾರು 75 ಲಕ್ಷ ಜೂಲ್ ಶಕ್ತಿ ಬಿಡುತ್ತದೆ. 25 ಲೀಟರ್ ನೀರನ್ನು ಹಂಡೆಯಲ್ಲಿ ಕುದಿ ಬರಿಸುವಷ್ಟು ಶಾಖ ಅದು. ಒಂದು ಪಾಲು ಗಾಳಿಗೂ ಟೈರಿಗೂ ಹೋಗುತ್ತದೆ, ಕೆಳಗಿನ ಗೇರಿನಲ್ಲಿಟ್ಟರೆ ಇನ್ನೊಂದು ಪಾಲನ್ನು ಎಂಜಿನ್ ಹೊರುತ್ತದೆ. ಉಳಿದದ್ದನ್ನೆಲ್ಲ ನಾಲ್ಕು ಬ್ರೇಕುಗಳೇ ತಾಳಬೇಕು. ಅಕ್ಕ, ಭಾವ ಕೂತು ಇಳಿಯುವ ಗಾಡಿ ಅದು. ತುಕ್ಕು ಹಿಡಿದ ಒಂದು ಕೊಳವೆಯನ್ನೂ ನಾನು ಅದರಲ್ಲಿ ಬಿಟ್ಟುಕೊಡಲಾರೆ. ನನ್ನ ಕಾರಿನ ಎಡಹಿಂಭಾಗದ ಕೊಳವೆಯ ಮೇಲೆ ಸಂಶಯ ಬಂತು. ಕೈಯಿಂದ ಮುಟ್ಟಿದರೆ ಹಕ್ಕಳೆ ಎದ್ದಿತು. ಅದನ್ನು ಬದಲಿಸುವವರೆಗೆ ಘಟ್ಟ ಬೇಡ, ಪೇಟೆಯಲ್ಲಿ ಮಾತ್ರ ಓಡಿಸಿ ಎಂದು ಭಾವನಿಂದ ಮಾತು ತೆಗೆದುಕೊಂಡೆ. ವಾರಕ್ಕೊಮ್ಮೆ ಕಾರಿನ ತಳಕ್ಕೆ ಬಾವಿಯ ಸಿಹಿನೀರು ಹೊಡೆಯಬೇಕು ಎಂದೂ ಹೇಳಿದೆ.

ಕಾಗದಪತ್ರದ ವಿಷಯ ಅಕ್ಕನೇ ಎತ್ತಿದಳು. ಎರಡೂ ಕಾರು ಕೆಎ-47, ಹೊನ್ನಾವರದ ಆರ್‌ಟಿಒದಲ್ಲೇ ನೋಂದಣಿಯಾದವು. ಮೊದಲು ಎರಡು ತಿಂಗಳು ಹೆಸರು ಬದಲಿಸದೆ ಓಡಿಸಿ ನೋಡೋಣ ಎಂದುಕೊಂಡೆವು. ಫಾಸ್ಟ್‌ಟ್ಯಾಗ್ ಗಾಡಿಗೆ ಅಂಟಿದ್ದು, ಹೊಳೆಗದ್ದೆ ಟೋಲಿನಲ್ಲಿ ನಾನು ದಾಟಿದಾಗಲೆಲ್ಲ ಭಾವನ ಖಾತೆಯಿಂದ ಹಣ ಹೋಗುತ್ತದೆ, ಅದನ್ನು ತಿಂಗಳ ಕೊನೆಗೆ ಕೊಡುತ್ತೇನೆ. ಕಾಯಂ ಬದಲು ಎಂದಾದರೆ ಮಾತ್ರ ನಮೂನೆ 29 ಮತ್ತು 30 ತುಂಬಿ ಮಾಲೀಕತ್ವ ವರ್ಗಾಯಿಸಬೇಕು, ವಿಮೆಯನ್ನೂ ಹೆಸರಿಗೆ ಮಾಡಿಸಬೇಕು. ಕ್ಲೇಮು ಮಾಡದೆ ಗಳಿಸಿದ ವಿಮೆಯ ರಿಯಾಯಿತಿ ಗಾಡಿಯ ಜೊತೆ ಹೋಗುವುದಿಲ್ಲ, ಮಾಲೀಕನ ಜೊತೆ ಉಳಿಯುತ್ತದೆ.

ಭಾನುವಾರ ಊಟವಾದ ಮೇಲೆ ಕೀಲಿ ಬದಲಾಯಿತು. ಆಯಿಲ್ ಬದಲಿಸಲು ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಹೇಳಿದ್ದೆ. ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರಿಂದ ಓಡಿಸಿಯೇ ಸುಡಬಹುದು ಎಂದು ಪುಸ್ತಕದಲ್ಲಿತ್ತು. ಮಿನುಗುತ್ತಿದ್ದರೆ ನೇರ ಗ್ಯಾರೇಜಿಗೇ ಒಯ್ಯಬೇಕಿತ್ತು. ಕರ್ಕಿ ದಾಟಿ ಹಳದೀಪುರದ ನೇರ ದಾರಿಗೆ ಬಂದಾಗ ಎಂಜಿನ್ನಿನ ಸದ್ದು ತುಸು ದಪ್ಪಗಾಯಿತು, ಸುಟ್ಟ ವಾಸನೆ ಸಣ್ಣಗೆ ಬಂತು. ಸುಡಲು ಶುರುಮಾಡಿದೆ ಎಂದು ಗೊತ್ತಾಯಿತು. ಕುಮಟಾ ಬಂದರೂ ದೀಪ ಆರಿರಲಿಲ್ಲ. ಮನೆಯ ಕಡೆ ತಿರುಗದೆ ಅಂಕೋಲೆಯ ದಾರಿಯಲ್ಲೇ ಬಿಟ್ಟೆ. ಅಘನಾಶಿನಿ ಸೇತುವೆ ದಾಟಿ ಸ್ವಲ್ಪ ಮುಂದೆ, ಮಳೆ ಜೋರಾಗಿ ಹಿಡಿದ ಹೊತ್ತಿಗೆ, ದೀಪ ಆರಿತು. ಬದಿಗೆ ನಿಲ್ಲಿಸಿ ಹೊನ್ನಾವರಕ್ಕೆ ಫೋನ್ ಮಾಡಿದೆ.