ಈ ಕಾರು ಯಾರದು?

ಬಾಲಾನಗರದ ನಮ್ಮ ವರ್ಕ್‌ಶಾಪಿನ ಹಿಂದಿನ ಗೋಡೆ ಇವತ್ತಿಗೂ ಎದೆಮಟ್ಟದವರೆಗೆ ಕಪ್ಪಗಿದೆ. ಮಾಲೀಕರು ಎರಡು ಸಲ ಸುಣ್ಣ ಹೊಡೆಸಿದರು. ಒಂದು ಮಳೆ ಬಿದ್ದರೆ ಸಾಕು, ಮಸಿ ಮತ್ತೆ ಎದ್ದು ಕಾಣುತ್ತದೆ. ಚಹಾ ಕುಡಿಯಲು ಹಿಂದೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಆ ಮಸಿಯಲ್ಲಿ ನನ್ನ ಪಾಲೂ ಇದೆ ಎಂದು ಬರೆಯಲು ನನಗೆ ಒಂದು ವರ್ಷ ಬೇಕಾಯಿತು.

ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನವನು. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ, ಒಂದು ಕಾಲಕ್ಕೆ ದೇಶಕ್ಕೆಲ್ಲ ಔಷಧಿ ಕೊಟ್ಟ ಐಡಿಪಿಎಲ್, 1968ರಲ್ಲಿ ಶುರುವಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ, ಇವುಗಳ ನೆರಳಿನಲ್ಲಿ ಬೆಳೆದದ್ದು ಬಾಲಾನಗರ. ದೊಡ್ಡ ಕಾರ್ಖಾನೆಗಳ ಹಿಂದಿನ ಗಲ್ಲಿಗಳಲ್ಲಿ ನೂರಾರು ಸಣ್ಣ ಘಟಕಗಳಿವೆ. ಕೆಳಗೆ ಲೇಥ್, ಮಿಲ್ಲಿಂಗ್ ಮಷೀನು, ಮೇಲೆ ತಗಡಿನ ಕೋಣೆಯಲ್ಲಿ ಕೆಲಸಗಾರರ ಸಂಸಾರ. 2021ರಲ್ಲಿ ಫ್ಲೈಓವರ್ ಬಂದ ಮೇಲೆ ಮುಖ್ಯರಸ್ತೆ ಸ್ವಲ್ಪ ಉಸಿರಾಡಿತು. ಗಲ್ಲಿಗಳು ಮಾತ್ರ ಹಾಗೇ ಉಳಿದವು.

ಇಂಥ ಘಟಕಗಳಲ್ಲಿ ದಿನವೂ ಕಸ ಹುಟ್ಟುತ್ತದೆ. ಕೂಲಂಟ್ ಮತ್ತು ಎಣ್ಣೆ ಒರೆಸಿದ ಕಾಟನ್ ವೇಸ್ಟ್, ಮರದ ಪೆಟ್ಟಿಗೆ, ಥರ್ಮೊಕೋಲ್, ಫೋಮು. ಮನೆ ಕಸ ಒಯ್ಯುವ ಸ್ವಚ್ಛ ಆಟೋದವರು ಇದನ್ನು ಮುಟ್ಟುವುದಿಲ್ಲ. ನಮ್ಮ ಘಟಕದ ವಾಚ್‌ಮನ್, ನಾವೆಲ್ಲ ತಾತ ಎಂದು ಕರೆಯುವ ಹಿರಿಯರು, ನಾರಾಯಣಪೇಟ ಜಿಲ್ಲೆಯ ಕೃಷ್ಣಾ ಮಂಡಲದವರು. ನದಿ ದಾಟಿದರೆ ರಾಯಚೂರು. ಅರ್ಧ ಕನ್ನಡ, ಅರ್ಧ ತೆಲುಗು ಅವರ ಮಾತು. ಒಂದು ದಿನ ನನ್ನ ಹತ್ತಿರ ಬಂದು, “ಏನ್ ಮಾಡ್ಲಿ ಸಾರ್, ಆಟೋದವರು ಇದನ್ನ ಒಯ್ಯಂಗಿಲ್ಲ ಅಂತಾರ” ಎಂದರು. ಮರುದಿನ ಕಸ್ಟಮರ್ ಆಡಿಟ್ ಇತ್ತು. ನಾನು ಡ್ರಾಯಿಂಗಿನಿಂದ ತಲೆ ಎತ್ತದೆಯೇ, “ಹೆಂಗಾದ್ರೂ ಮಾಡಿ ಸಾಫ್ ಮಾಡಿಬಿಡ್ರಿ ತಾತ” ಎಂದೆ.

ಸಾಫ್ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ವಾರಕ್ಕೆರಡು ಸಂಜೆ ಹಿಂದಿನ ಗೋಡೆಯ ಬುಡದಲ್ಲಿ ಹೊಗೆ ಏಳುವುದು ರೂಢಿಯಾಯಿತು. ಕಣ್ಣು ಉರಿದರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆವು.

ಆ ಶನಿವಾರ

ಹೋದ ವರ್ಷ ಮಾರ್ಚ್ ತಿಂಗಳು. ಸಂಜೆ ಗಾಳಿ ಎದ್ದಿತ್ತು. ಉರಿಯುವ ಫೋಮಿನ ಒಂದು ತುಂಡು ಹಾರಿ ಪಕ್ಕದವರ ಮರದ ಪ್ಯಾಲೆಟ್‌ಗಳ ಮೇಲೆ ಬಿತ್ತು. ಕೂಗು ಕೇಳಿ ಓಡಿದೆ. ಗೋಡೆಯ ಬಳಿ ಹಳೆಯ ಎಣ್ಣೆಯ ಡಬ್ಬಿಯೊಂದು ಬಾಯ್ದೆರೆದುಕೊಂಡೇ ಹೊತ್ತಿ ಉರಿಯುತ್ತಿತ್ತು. ನಾನು ಯೋಚಿಸಲಿಲ್ಲ. ಡ್ರಮ್ಮಿನಿಂದ ಬಕೆಟ್ ತುಂಬಿ ನೀರು ಎರಚಿದೆ.

ಮೆಷೀನ್ ಶಾಪಿನಲ್ಲಿ ಇಷ್ಟು ವರ್ಷ ದುಡಿದವನು ಮಾಡಬಾರದ ಕೆಲಸ ಅದು. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಕಾದ ಎಣ್ಣೆಯ ಕೆಳಗೆ ಅದು ಒಮ್ಮೆಲೇ ಆವಿಯಾಗುತ್ತದೆ. ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಹೊಡೆತಕ್ಕೆ ಉರಿಯುವ ಎಣ್ಣೆ ನಾಲ್ಕೂ ಕಡೆ ಚಿಮ್ಮುತ್ತದೆ. ಚಿಮ್ಮಿತು. ಪ್ಯಾಲೆಟ್‌ಗಳ ಸಾಲು ಪೂರ್ತಿ ಹತ್ತಿಕೊಂಡಿತು. ಮೇಲಿನ ಕೋಣೆಯಲ್ಲಿದ್ದ ಒಡಿಶಾದ ಸಂಸಾರ ಕೈಗೆ ಸಿಕ್ಕಿದ್ದನ್ನು ಹಿಡಿದು ಏಣಿಮೆಟ್ಟಿಲು ಇಳಿಯಿತು. ಮಗು ಸುರಕ್ಷಿತವಾಗಿ ಕೆಳಗೆ ಬಂದಿದ್ದನ್ನು ನೋಡಿ ತಾತ, ಇನ್ನೊಂದು ಎಣ್ಣೆ ಡಬ್ಬಿಗೆ ಬೆಂಕಿ ತಗುಲದಂತೆ ಬರಿಗೈಯಲ್ಲಿ ಎಳೆದು ದೂರ ಹಾಕಿದರು. ಮೊಳಕೈವರೆಗೆ ಸುಟ್ಟಿತು.

ಯಾರೋ 101ಕ್ಕೆ ಫೋನ್ ಮಾಡಿದ್ದರು. ಅಗ್ನಿಶಾಮಕ ವಾಹನ ಬೇಗನೆ ಬಂತು. ಆದರೆ ಬಂದದ್ದು ಗಲ್ಲಿಯ ಬಾಯಿಯವರೆಗೆ ಮಾತ್ರ. ಗಲ್ಲಿಯ ಎರಡೂ ಬದಿಗೆ ಜನ ನಿಂತಿದ್ದರು. ಬಹಳ ಮಂದಿಯ ಕೈಯಲ್ಲಿ ಮೊಬೈಲ್. ಎರಡು ಆಟೋ, ಒಂದು ಲೋಡ್ ಗಾಡಿ. ಎಲ್ಲಕ್ಕೂ ಮುಂದೆ, ಗೇಟಿಗೆ ಅಡ್ಡವಾಗಿ ಬಿಳಿ ಬಣ್ಣದ ಒಂದು ಕಾರು. ಅಧಿಕಾರಿ ಇಳಿದವರೇ ಕೂಗಿ ಕೇಳಿದ ಮೊದಲ ಪ್ರಶ್ನೆ ಬೆಂಕಿಯ ಬಗ್ಗೆ ಆಗಿರಲಿಲ್ಲ.

“ಈ ಕಾರು ಎವರಿದಿ?”

ನನ್ನದು. ಕೀ ಇದ್ದ ಬ್ಯಾಗು ಹೊಗೆ ತುಂಬಿದ ಆಫೀಸಿನೊಳಗಿತ್ತು.

ಅವರು ಕಾಯಲಿಲ್ಲ. ಹೋಸ್ ಪೈಪಿಗೆ ಹೋಸ್ ಪೈಪು ಜೋಡಿಸಿ, ಜನರನ್ನು ಸರಿಸುತ್ತಾ ಗಲ್ಲಿಯುದ್ದಕ್ಕೂ ಹೊತ್ತು ತಂದರು. ಬೆಂಕಿ ಆರಿತು. ಪ್ರಾಣಹಾನಿ ಆಗಲಿಲ್ಲ. ಮೇಲಿನ ಕೋಣೆಯ ಹಾಸಿಗೆ, ಪೆಟ್ಟಿಗೆ, ಮಗುವಿನ ಶಾಲೆಯ ಪುಸ್ತಕ ಉಳಿಯಲಿಲ್ಲ. ಗಾಡಿ ಗೇಟಿನವರೆಗೆ ಬಂದಿದ್ದರೆ ಅವೂ ಉಳಿಯುತ್ತಿದ್ದವೇನೋ.

ಹಚ್ಚಿದ್ದು ಯಾರು ಎಂದು ವಿಚಾರಿಸಿದಾಗ ತಾತ ಸುಟ್ಟ ಕೈಯನ್ನೇ ಎತ್ತಿ, “ನಾನೇ” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಮರುದಿನ ಬೆಳಿಗ್ಗೆ ಮಾಲೀಕರ ಮುಂದೆ, ಆಮೇಲೆ ವಿಚಾರಣೆಗೆ ಬಂದವರ ಮುಂದೆ, ಸುಡಲು ಹೇಳಿದ್ದು ನಾನು ಎಂದು ಹೇಳಿದೆ. ದಂಡವನ್ನು ಘಟಕ ಕಟ್ಟಿತು, ಅರ್ಧ ನಾನು ಕೊಟ್ಟೆ. ಆ ಸಂಸಾರಕ್ಕೆ ಬೇಕಾದ ಸಾಮಾನನ್ನು ಎಲ್ಲರೂ ಸೇರಿ ಕೊಡಿಸಿದೆವು. ತಾತನ ಕೈ ಮಾಗಲು ಒಂದೂವರೆ ತಿಂಗಳು ಹಿಡಿಯಿತು.

ಬಣವೆಗೆ ಬೆಂಕಿ ಬಿದ್ದಾಗ

ನೀರು ತುಂಬಿದ ಬಕೆಟ್ ಹಿಡಿದು ನಾನು ಯಾಕೆ ಹಾಗೆ ಓಡಿದೆ? ಯೋಚಿಸಿದಾಗ ನೆನಪಾದದ್ದು ಊರು. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಆಯಕಟ್ಟಿನಲ್ಲಿದೆ. ಭತ್ತದ ಹುಲ್ಲಿನ ಬಣವೆಗಳು ಸಾಲಾಗಿ ಇರುತ್ತವೆ. ಬೇಸಿಗೆಯಲ್ಲಿ ಒಂದಕ್ಕೆ ಬೆಂಕಿ ತಗುಲಿತೆಂದರೆ ಊರಿಗೆ ಊರೇ ಕೊಡ ಹಿಡಿದು ಓಡಬೇಕು. ಬರದೆ ಮನೆಯಲ್ಲಿ ಕೂತವನನ್ನು ಊರು ಬಹಳ ದಿನ ಮರೆಯುವುದಿಲ್ಲ. ತಾಲೂಕು ಕೇಂದ್ರದಿಂದ ಗಾಡಿ ಬರುವಷ್ಟರಲ್ಲಿ ಬಣವೆ ಬೂದಿ. ಹಾಗಾಗಿ ಓಡುವುದೇ ಧರ್ಮ.

ಆದರೆ ಅಲ್ಲಿ ಓಡಿ ಬಂದವರೆಲ್ಲ ಸುಮ್ಮನೆ ಗುಂಪುಗೂಡುತ್ತಿರಲಿಲ್ಲ. ಹತ್ತಿಕೊಂಡ ಬಣವೆಯನ್ನು ಹಿರಿಯರು ಮೊದಲೇ ಕೈಬಿಡುತ್ತಿದ್ದರು. ಪಕ್ಕದ ಬಣವೆಗೆ ನೀರು, ನಡುವಿನ ಹುಲ್ಲು ಎಳೆದು ದಾರಿ ಬಿಡಿಸುವುದು, ದನ ಬಿಚ್ಚುವುದು. ಒಬ್ಬರು ಹೇಳುತ್ತಿದ್ದರು, ಉಳಿದವರು ಮಾಡುತ್ತಿದ್ದರು. ಹೆಂಗಸರು ಕಾಲುವೆಯಿಂದ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದರು. ಸುಮ್ಮನೆ ನಿಂತವರಿಗೆ ನಮ್ಮ ಕಾಕಾ, “ಏನ್ ನೋಡಾಕ ಹತ್ತೀರಿ? ಕೊಡ ತರ್ರಿ, ಇಲ್ಲಾ ಆಕಡೆ ಸರೀರಿ” ಎಂದು ಗದರುತ್ತಿದ್ದರು.

ಕಾಕಾ ಹೇಳಿದ ಎರಡನೇ ಮಾತನ್ನು ನಾನು ಮರೆತಿದ್ದೆ. ಊರಿನಲ್ಲಿ ನನ್ನ ಜಾಗ ಕೊಡದ ಸಾಲಿನಲ್ಲಿತ್ತು. ಶಹರದಲ್ಲಿ ಆ ಸಾಲು ಅಗ್ನಿಶಾಮಕ ಸಿಬ್ಬಂದಿಯದು, ನನ್ನ ಜಾಗ ಆಕಡೆ. ಸರಿದು ನಿಲ್ಲುವುದು, ದಾರಿ ಬಿಡುವುದು ಇಲ್ಲಿ ಕೊಡ ಹೊತ್ತಷ್ಟೇ ದೊಡ್ಡ ಕೆಲಸ.

ಕಾನೂನು ಹೇಳುವುದು

ಆಮೇಲೆ ಕುಳಿತು ಓದಿದೆ. ಕಸ ಸುಡುವುದು ನಾವಂದುಕೊಂಡಷ್ಟು ಸಣ್ಣ ತಪ್ಪಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಯಲ್ಲಿ, ಬಯಲಿನಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಆಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ, ಬಯಲಿನಲ್ಲಿ ಕಸ ಸುಡುವುದಕ್ಕೆ ಇಡೀ ದೇಶಕ್ಕೆ ನಿಷೇಧ ಹಾಕಿತು. ಸಾದಾ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿ ಎಂದು ನಿಗದಿ ಮಾಡಿತು. ಎಣ್ಣೆ ಮೆತ್ತಿದ ಕಾಟನ್ ವೇಸ್ಟ್ ಅಂತೂ ಕಸವೇ ಅಲ್ಲ, ಅಪಾಯಕಾರಿ ತ್ಯಾಜ್ಯ. ಅದನ್ನು ಬೇರೆ ಡ್ರಮ್ಮಿನಲ್ಲಿ ಮುಚ್ಚಿಟ್ಟು ಅಧಿಕೃತ ಸಂಸ್ಕರಣಾ ಘಟಕಕ್ಕೇ ಕಳಿಸಬೇಕು. ಅಂಥ ಘಟಕ ನಮ್ಮ ಬಾಲಾನಗರದಿಂದ ಬಹಳ ದೂರವೂ ಇಲ್ಲ, ದುಂಡಿಗಲ್‌ನಲ್ಲಿದೆ.

ಇನ್ನು ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಇತರರ ಜೀವಕ್ಕೆ ಅಪಾಯ ತಂದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಡ್ಡಿ ಗೀರಿದವನನ್ನಷ್ಟೇ ಅದು ಹಿಡಿಯುವುದಿಲ್ಲ. ತನ್ನ ವಶದಲ್ಲಿರುವ ಉರಿಯುವ ವಸ್ತುವನ್ನು ಜೋಪಾನ ಮಾಡದೆ ಬಿಟ್ಟವನನ್ನೂ ಹಿಡಿಯುತ್ತದೆ. ಇದನ್ನು ಓದುವಾಗ ತಾತ ಎತ್ತಿದ ಕೈ ನೆನಪಾಯಿತು.

ಗಾಡಿ ಅಡ್ಡ ಇಟ್ಟಿದ್ದಕ್ಕೂ ಕಾನೂನಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನ ಪ್ರಕಾರ ಅಗ್ನಿಶಾಮಕ ವಾಹನಕ್ಕೋ ಆಂಬ್ಯುಲೆನ್ಸಿಗೋ ಬರುವಾಗ ದಾರಿ ಬಿಡದ ಚಾಲಕನಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಬೆಂಕಿಯ ಸ್ಥಳದಲ್ಲಿ ಅಗ್ನಿಶಾಮಕ ಅಧಿಕಾರಿಗೆ ದೊಡ್ಡ ಅಧಿಕಾರವೂ ಇದೆ. ನಮ್ಮ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯನ್ನೇ ನೋಡಿ. ಕೆಲಸಕ್ಕೆ ಅಡ್ಡಿಯಾಗುವವರನ್ನು ಹೊರಗೆ ಕಳಿಸಬಹುದು, ರಸ್ತೆ ಮುಚ್ಚಿಸಬಹುದು, ಹೋಸ್ ಒಯ್ಯಲು ಬಾಗಿಲು, ಗೋಡೆ ಒಡೆಯಬಹುದು. ತೆಲಂಗಾಣದಲ್ಲಿ 1999ರ ಕಾಯ್ದೆ ಇದೆ.

ದಂಡಕ್ಕೆ ಹೆದರಿ ದಾರಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಇದೇ ಹೈದರಾಬಾದಿನಲ್ಲಿ 2022ರ ಮಾರ್ಚ್ 23ರ ನಸುಕಿನಲ್ಲಿ ಭೋಯಿಗೂಡದ ಗುಜರಿ ಗೋದಾಮಿಗೆ ಬೆಂಕಿ ಬಿತ್ತು. ಮೇಲೆ ಮಲಗಿದ್ದ ಬಿಹಾರದ ಹನ್ನೊಂದು ಕೆಲಸಗಾರರು ಸತ್ತರು. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಬಂದವರು. 2025ರ ಮೇ 18ರಂದು ಗುಲ್ಜಾರ್ ಹೌಜ್‌ನಲ್ಲಿ ಹದಿನೇಳು ಜನ ತೀರಿಕೊಂಡರು, ಅವರಲ್ಲಿ ಮಕ್ಕಳು ಎಂಟು. ಆ ಮನೆಗೆ ಹೋಗಲು ಇದ್ದದ್ದು ಇಕ್ಕಟ್ಟಾದ ಒಂದೇ ದಾರಿ. ಇಂಥ ಕಡೆ ಅಡ್ಡ ನಿಂತ ಒಂದು ಗಾಡಿಯ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ.

ನಾವು ಮಾಡಬಹುದಾದದ್ದು

ಪರಊರಿನಲ್ಲಿರುವ ನಮ್ಮವರಿಗೆ ಕೆಲವು ಮಾತು. ನೀವಿರುವ ಮನೆಯ, ಕೆಲಸದ ಜಾಗದ ವಿಳಾಸವನ್ನು ಆ ಊರಿನ ಭಾಷೆಯಲ್ಲಿ, ಹತ್ತಿರದ ಗುರುತಿನ ಸಮೇತ ಬಾಯಿಪಾಠ ಮಾಡಿಕೊಳ್ಳಿ. ಗಾಬರಿಯಲ್ಲಿ ನಾಲಿಗೆಗೆ ಮಾತೃಭಾಷೆಯೊಂದೇ ಸಿಗುತ್ತದೆ. 101 ಅಥವಾ 112ಕ್ಕೆ ಕರೆ ಮಾಡಿದಾಗ ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ ಎಂಬುದನ್ನು ಮೊದಲು ಹೇಳಿ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಂತು ದಾರಿ ತೋರಿಸಲಿ. ಇನ್ನೊಬ್ಬರು ಕರೆಂಟಿನ ಮೇನ್ ಸ್ವಿಚ್ ಆರಿಸಲಿ. ಉಳಿದವರು ಗಾಡಿ ತೆಗೆದು ದೂರ ಸರಿಯಲಿ.

ಎಣ್ಣೆಯ ಬೆಂಕಿಗೂ ಕರೆಂಟಿನ ಬೆಂಕಿಗೂ ನೀರು ಬೇಡ. ನಮ್ಮಂಥ ವರ್ಕ್‌ಶಾಪಿನಲ್ಲಿ ಮೆಗ್ನೀಸಿಯಂ ಚೂರು ಹತ್ತಿಕೊಂಡರೆ ನೀರಿನಿಂದ ಹೈಡ್ರೋಜನ್ ಹುಟ್ಟಿ ಉರಿ ಹೆಚ್ಚುತ್ತದೆ, ಅದಕ್ಕೆ ಒಣ ಮರಳೇ ಸರಿ. ಗೋಡೆಗೆ ನೇತುಹಾಕಿದ ಸಿಲಿಂಡರಿನ ಪಿನ್ ಎಳೆಯುವುದನ್ನು ಒಮ್ಮೆಯಾದರೂ ಕಲಿಯಿರಿ. ಉರಿಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು. ಅದು ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ. ಆರದಿದ್ದರೆ ಹೊರಗೆ ಬನ್ನಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ, ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗಿನ ಬೆಂಕಿ ಆರಿಸುವಾಗ ಅದು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಅವರ ನೆನಪಿನ ವಾರವದು. ಈ ಸಲ ನಮ್ಮ ಗಲ್ಲಿಯ ಘಟಕಗಳೆಲ್ಲ ಸೇರಿ ಸಿಬ್ಬಂದಿಯನ್ನು ಕರೆಸಿ ಅಭ್ಯಾಸ ಮಾಡಿದೆವು. ಗಲ್ಲಿಯ ಒಂದು ಬದಿಗೆ ಹಳದಿ ಗೆರೆ ಎಳೆಸಿ, ಅದರಾಚೆ ಗಾಡಿ ನಿಲ್ಲಿಸಬಾರದೆಂದು ತೀರ್ಮಾನಿಸಿದೆವು. ಎಣ್ಣೆ ಬಟ್ಟೆಗೆ ಮುಚ್ಚಳದ ಡ್ರಮ್ ಬಂದಿದೆ. ಮರದ ಪೆಟ್ಟಿಗೆಯನ್ನು ಗುಜರಿಯವರು ದುಡ್ಡು ಕೊಟ್ಟೇ ಒಯ್ಯುತ್ತಾರೆ. ಇಷ್ಟು ದಿನ ಅದನ್ನು ಯಾಕೆ ಸುಟ್ಟೆವೋ!

ನಾನೀಗ ಕಾರನ್ನು ಮುಖ್ಯರಸ್ತೆಯ ಹತ್ತಿರ ದುಡ್ಡು ಕೊಟ್ಟು ನಿಲ್ಲಿಸಿ ಹತ್ತು ನಿಮಿಷ ನಡೆದು ಬರುತ್ತೇನೆ. ಬಿಸಿಲಿನಲ್ಲಿ ಬೆವರಿ ಗೇಟಿಗೆ ಬಂದಾಗ ತಾತ ಕುರ್ಚಿಯಿಂದ ಎದ್ದು ಕೇಳುತ್ತಾರೆ, “ಕಾರು ಎಲ್ಲೈತಿ ಸಾರ್?”

“ದೂರ ಇಟ್ಟು ಬಂದೀನಿ ತಾತ.”

ಅವರು ತಲೆಯಾಡಿಸಿ ನೀರಿನ ಬಾಟಲಿ ಚಾಚುತ್ತಾರೆ. ತೋಳಿನ ಚರ್ಮ ಇನ್ನೂ ಬೇರೆ ಬಣ್ಣದಲ್ಲೇ ಇದೆ.